ಅವ್ವ ಒಬ್ರೇ ಟಿವಿ ಹಚ್ಚೋಕೆ ಆಗಬೇಕು: ಹೋಮ್ ಥಿಯೇಟರ್ ವೈರಿನ ಬಗ್ಗೆ ಹತ್ತು ಪೋಸ್ಟ್

ಭಾಗ 1/10: ಮೊದಲು ವಾದ, ಆಮೇಲೆ ವೈರು

ಮನೇಲಿ ಹೋಮ್ ಥಿಯೇಟರ್ ಇರೋರಿಗೆ ಒಂದೇ ಪ್ರಶ್ನೆ. ಸುಳ್ಳು ಹೇಳ್ಬೇಡ್ರಿ. ನೀವು ಕಾಲೇಜಿಗೆ ಬಂದ ಮೇಲೆ ನಿಮ್ಮವ್ವ ಒಬ್ರೇ ಟಿವಿ ಹಚ್ಚಿ, ಸೌಂಡ್ ಬರಿಸಿ, ತಮಗೆ ಬೇಕಾದ್ದು ನೋಡಿ, ಆಫ್ ಮಾಡೋಕೆ ಆಗುತ್ತಾ? ಇಲ್ಲ ನಿಮಗೆ ಫೋನ್ ಬರುತ್ತಾ? "ಲೇ ತಮ್ಮ, ಚಿತ್ರ ಬರ್ತೈತೆ, ಮಾತು ಬರ್ತಿಲ್ಲ. ಯಾವ ರಿಮೋಟು ಒತ್ಲಿ?"

ನಮ್ಮ ಕ್ಲಾಸಲ್ಲೇ ಕೇಳಿ ನೋಡಿದೆ. ಬಳ್ಳಾರಿಯೋರು, ಸಿರುಗುಪ್ಪದಿಂದ ಬಸ್ಸಿಗೆ ಬರೋರು, ಕುರುಗೋಡಿನೋರು, ಎಲ್ಲರದ್ದೂ ಒಂದೇ ಕಥೆ. ಹಬ್ಬದ ಆಫರ್‌ನಲ್ಲಿ ಸಿಸ್ಟಮ್ ತಂದ್ರು. ಮಗ ಅಥವಾ ಅಳಿಯ ಅರ್ಧ ದಿನ ಕೂತು ಜೋಡಿಸಿದ. ಅವನಿಗೆ ಬಿಟ್ಟು ಮನೇಲಿ ಇನ್ಯಾರಿಗೂ ಅದು ಗೊತ್ತಿಲ್ಲ. ಅವನು ಹಾಸ್ಟೆಲ್‌ಗೆ ಹೋದ, ಬೆಂಗಳೂರಿಗೆ ಹೋದ, ಸಿಸ್ಟಮ್ ಮೇಲೆ ಅವ್ವ ಕಸೂತಿ ಬಟ್ಟೆ ಹೊದಿಸಿ ಅದರ ಮೇಲೆ ಹೂದಾನಿ ಇಟ್ರು. ಹತ್ತು ಹದಿನೈದು ಸಾವಿರದ ಹೂದಾನಿ ಸ್ಟ್ಯಾಂಡು!

ಇಂಟರ್ನೆಟ್‌ನಲ್ಲಿ ಯಾರನ್ನ ಕೇಳಿದ್ರೂ ಒಂದೇ ಉತ್ತರ: ಎಲ್ಲಾ ಮೂಲಗಳನ್ನೂ ರಿಸೀವರ್‌ಗೆ ಹಾಕು, ರಿಸೀವರ್‌ನಿಂದ ಒಂದು ಕೇಬಲ್ ಟಿವಿಗೆ ಹಾಕು, ಮುಗೀತು. ನಾನು ಇದನ್ನ ಪೂರ್ತಿ ಒಪ್ಪಲ್ಲ. ಸಿನಿಮಾಕ್ಕೆ ಅಂತಲೇ ಬೇರೆ ರೂಮ್ ಇರೋರಿಗೆ ಅದು ಸರಿ. ಒಂದೇ ಹಾಲ್, ಒಂದೇ ಟಿವಿ, ಮೂರು ತಲೆಮಾರು ಇರೋ ನಮ್ಮ ಮನೆಗಳಿಗೆ ಅದು ಸರಿಯಲ್ಲ.

ನನ್ನ ವಾದ ಇಷ್ಟೇ. ಮನೇಲಿ ಯಾರಿಗೆ ಈ ವಿಷಯ ಎಲ್ಲರಿಗಿಂತ ಕಡಿಮೆ ಗೊತ್ತೋ, ಅವರು ಒಬ್ಬರೇ ಇದ್ದಾಗ ನಡೆಸೋಕೆ ಆಗಬೇಕು. ಅದೇ ಸರಿಯಾದ ಕನೆಕ್ಷನ್. ಉಳಿದಿದ್ದೆಲ್ಲ ಎರಡನೇದು. ಸೌಂಡ್ ಕ್ವಾಲಿಟಿ ಕೂಡ.

ಜಗಳ ಆಡೋರು ಕಮೆಂಟ್‌ಗೆ ಬರ್ರಿ. ಆದ್ರೆ ಹತ್ತೂ ಓದಿ ಬರ್ರಿ.

—

ಭಾಗ 2/10: ಪೆಟ್ಟಿಗೆ ಮುಂದೆ ಅಲ್ಲ, ಹಿಂದೆ ನೋಡ್ರಿ

ಅಂಗಡಿಯೋರು ನಮಗೆ ತೋರಿಸೋದು ಮುಂದಿನ ಭಾಗ: ನೀಲಿ ಲೈಟು, ದೊಡ್ಡ ಸಂಖ್ಯೆ, ಎಷ್ಟೋ ಸಾವಿರ ವಾಟ್. ಆದ್ರೆ ಹೋಮ್ ಥಿಯೇಟರ್‌ನ ಜಾತಕ ಇರೋದು ಬೆನ್ನ ಮೇಲೆ. ತಿರುಗಿಸಿ ನೋಡದೆ ದುಡ್ಡು ಕೊಡಬೇಡ್ರಿ.

5.1 ಅಂದ್ರೆ ಆರು ಬೇರೆ ಬೇರೆ ಚಾನೆಲ್. ಮುಂದೆ ಎಡ, ಮುಂದೆ ಬಲ, ನಡುವೆ ಒಂದು, ಕೇಳುವವರ ಅಕ್ಕಪಕ್ಕ ಅಥವಾ ಹಿಂದೆ ಎರಡು. ಆ "ಪಾಯಿಂಟ್ ಒಂದು" ಅಂದ್ರೆ ಗುಡುಗು, ಸ್ಫೋಟದಂಥ ಕೆಳಸ್ಥಾಯಿ ಸದ್ದಿಗೆ ಮೀಸಲಾದ ಚಾನೆಲ್. ಸುಮಾರು 120 ಹರ್ಟ್ಜ್ ತನಕ ಮಾತ್ರ ಅದರ ಕೆಲಸ. ಆರಕ್ಕೂ ಬೇರೆ ಬೇರೆ ಸದ್ದು ಹೋಗಬೇಕು ಅಂದ್ರೆ ಆರೂ ಒಳಗೆ ಬರೋಕೆ ದಾರಿ ಬೇಕಲ್ವಾ?

ಈಗ ಕಡಿಮೆ ಬೆಲೆಯ "5.1" ಸೆಟ್ ಒಂದನ್ನ ತಿರುಗಿಸ್ರಿ. ಹಿಂದೆ ಒಂದು ಕೆಂಪು, ಒಂದು ಬಿಳಿ ತೂತು. ಜೊತೆಗೆ ಯುಎಸ್‌ಬಿ, ಬ್ಲೂಟೂತ್. ಅಷ್ಟೇ. ಕೆಂಪು ಬಿಳಿ ಅಂದ್ರೆ ಬಲ ಎಡ, ಎರಡೇ ಚಾನೆಲ್. ಎರಡು ಚಾನೆಲ್ ಒಳಗೆ ಹೋಗಿ ಐದು ಡಬ್ಬಿಯಿಂದ ಬಂದ್ರೆ ಅದು ಸರೌಂಡ್ ಅಲ್ಲ, ಅದೇ ಮಾತನ್ನ ಐದು ಸಲ ಹೇಳಿದ್ದು. ಡಬ್ಬಿ ಐದಿವೆ, ಅದು ಸುಳ್ಳಲ್ಲ. ಆದ್ರೆ 5.1 ಅಲ್ಲ.

ನಿಜವಾದ 5.1ಕ್ಕೆ ಮೂರರಲ್ಲಿ ಒಂದಾದ್ರೂ ಇರಬೇಕು: ಎಚ್‌ಡಿಎಂಐ, ಅಥವಾ ಆಪ್ಟಿಕಲ್ ಇಲ್ಲವೇ ಕೋಆಕ್ಸಿಯಲ್ ಡಿಜಿಟಲ್ ಇನ್‌ಪುಟ್, ಅಥವಾ ಆರು ಬೇರೆ ಬೇರೆ ಅನಲಾಗ್ ತೂತು. ಮೊದಲ ಎರಡಕ್ಕೆ ಒಳಗೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಬಿಡಿಸೋ ಡಿಕೋಡರ್ ಇರಬೇಕು. ಪೆಟ್ಟಿಗೆ ಮೇಲೆ ಆ ಹೆಸರು ಇದೆಯಾ ನೋಡ್ರಿ.

ವಾಟ್ ವಿಷಯ. ಪಿಎಂಪಿಒ ಅಂತ ಬರೆದಿದ್ರೆ ಆ ಸಂಖ್ಯೆ ಮರೆತುಬಿಡಿ. ಅದನ್ನ ಅಳೆಯೋಕೆ ಎಲ್ಲರೂ ಒಪ್ಪಿದ ಅಳತೆಗೋಲೇ ಇಲ್ಲ. ಆರ್‌ಎಂಎಸ್ ಎಷ್ಟು ಅಂತ ಕೇಳ್ರಿ. ಅಕೌಂಟ್ಸ್ ಭಾಷೇಲಿ ಹೇಳೋದಾದ್ರೆ ಪಿಎಂಪಿಒ ಅಂದ್ರೆ ಆಡಿಟ್ ಆಗದ ಬ್ಯಾಲೆನ್ಸ್ ಶೀಟು.

—

ಭಾಗ 3/10: ತೂತುಗಳ ಪರಿಚಯ (ಇದನ್ನ ಸೇವ್ ಮಾಡ್ಕೊಳ್ರಿ)

ಹಳದಿ: ಚಿತ್ರ ಮಾತ್ರ. ಬಿಳಿ: ಎಡ ಸದ್ದು. ಕೆಂಪು: ಬಲ ಸದ್ದು. ಡಿವಿಡಿ ಪ್ಲೇಯರ್ ಕಾಲದಿಂದ ನಮಗೆ ಗೊತ್ತಿರೋ ತ್ರಿಮೂರ್ತಿ ಇವು. ಹಳದಿಯಲ್ಲಿ ಬರೋದು ಹಳೇ ಟಿವಿ ಗುಣಮಟ್ಟದ ಚಿತ್ರ. ಎಚ್‌ಡಿ ಪೆಟ್ಟಿಗೆಗೆ ತಿಂಗಳು ತಿಂಗಳು ದುಡ್ಡು ಕಟ್ಟಿ, ಹಳದಿ ವೈರಲ್ಲಿ ನೋಡ್ತಾ ಇರೋ ಮನೆಗಳು ಈಗಲೂ ಬೇಕಾದಷ್ಟಿವೆ. ನಿಮ್ಮನೇದು ಇವತ್ತೇ ನೋಡ್ರಿ.

ಹಸಿರು, ನೀಲಿ, ಕೆಂಪು: ಕಾಂಪೊನೆಂಟ್. ಮೂರೂ ಚಿತ್ರಕ್ಕೇ. ಸದ್ದು ಇದರಲ್ಲಿ ಬರಲ್ಲ. ಇಲ್ಲಿರೋ ಕೆಂಪನ್ನ ಸದ್ದಿನ ಕೆಂಪು ಅಂದ್ಕೊಂಡು ಹಾಕಿದ್ರೆ ಬಲಗಡೆ ಸ್ಪೀಕರ್ ಮೂಕ ಆಗುತ್ತೆ.

ಆಪ್ಟಿಕಲ್: ಮುಚ್ಚಳ ತೆಗೆದ್ರೆ ಕೆಂಪು ಬೆಳಕು ಕಾಣೋ ಚೌಕದ ತೂತು. ತೋಷಿಬಾ ಕಂಪನಿ 1983ರಲ್ಲಿ ತಂದಿದ್ದು, ಅದಕ್ಕೇ ಟಾಸ್‌ಲಿಂಕ್ ಅಂತಾರೆ. ಇದರಲ್ಲಿ ಸದ್ದು ಮಾತ್ರ, ಅದೂ ಬೆಳಕಾಗಿ ಹೋಗುತ್ತೆ. ಎರಡು ಚಾನೆಲ್ ಪಿಸಿಎಂ, ಇಲ್ಲಾಂದ್ರೆ ಒತ್ತಿ ಪ್ಯಾಕ್ ಮಾಡಿದ 5.1. ಕೇಬಲ್ ಜಾಸ್ತಿ ಮಡಚಬೇಡ್ರಿ, ಒಳಗೆ ತಂತಿ ಇಲ್ಲ.

ಎಚ್‌ಡಿಎಂಐ: ಮೊದಲ ಆವೃತ್ತಿ ಬಂದಿದ್ದು 2002ರ ಡಿಸೆಂಬರ್‌ನಲ್ಲಿ. ಚಿತ್ರ ಮತ್ತು ಸದ್ದು ಎರಡೂ ಒಂದೇ ವೈರಲ್ಲಿ. 2009ರ 1.4 ಆವೃತ್ತಿಯಲ್ಲಿ ಎಆರ್‌ಸಿ ಸೇರಿತು, 2017ರ 2.1ರಲ್ಲಿ ಇಎಆರ್‌ಸಿ. ಈ ಸರಣಿಯ ಹೀರೋ ಎಆರ್‌ಸಿ. ಹೆಸರು ನೆನಪಿಟ್ಕೊಳ್ರಿ.

ಕೇಬಲ್ ಬೆಲೆ ಬಗ್ಗೆ ಒಂದು ಮಾತು. ಎಚ್‌ಡಿಎಂಐನಲ್ಲಿ ಹೋಗೋದು ಡಿಜಿಟಲ್ ಸಂಕೇತ. ಚಿನ್ನದ ಲೇಪನದ ಮೂರು ಸಾವಿರದ ಕೇಬಲ್ ಹಾಕಿದ್ರೆ ಹೀರೋ ಮುಖ ಇನ್ನಷ್ಟು ಬೆಳ್ಳಗಾಗಲ್ಲ. ನಿಮ್ಮ ಚಿತ್ರಕ್ಕೆ ಬೇಕಾದ ವೇಗ ತಡೆಯುತ್ತಾ ಅನ್ನೋದೊಂದೇ ಲೆಕ್ಕ. ನಾಲ್ಕು ಕೆ ಟಿವಿಗೆ "ಪ್ರೀಮಿಯಂ ಹೈಸ್ಪೀಡ್" ಅಂತ ಪ್ರಮಾಣ ಇರೋ ಎರಡು ಮೀಟರ್ ಕೇಬಲ್ ಧಾರಾಳ ಸಾಕು. ತುಂಬಾ ಉದ್ದ ಮಾತ್ರ ಬೇಡ.

—

ಭಾಗ 4/10: ಎರಡು ದಾರಿ

ಒಂದನೇ ದಾರಿ. ಸೆಟ್‌ಟಾಪ್ ಬಾಕ್ಸ್, ಡಿಸ್ಕ್ ಪ್ಲೇಯರ್, ಗೇಮ್, ಸ್ಟಿಕ್ ಎಲ್ಲಾ ರಿಸೀವರ್ ಒಳಗೆ. ರಿಸೀವರ್‌ನಿಂದ ಒಂದು ಎಚ್‌ಡಿಎಂಐ ಟಿವಿಗೆ. ಇದರ ಲಾಭ: ಸದ್ದು ಮೂಲದಿಂದ ನೇರ ರಿಸೀವರ್‌ಗೆ ಹೋಗುತ್ತೆ, ನಡುವೆ ಟಿವಿ ಕೈಯಾಡಿಸಲ್ಲ. ನಷ್ಟ: ಬೆಳಗ್ಗೆ ಆರಕ್ಕೆ ಅಪ್ಪ ವಾರ್ತೆ ನೋಡೋಕೂ ಆ ದೊಡ್ಡ ಮೆಷಿನ್ ಹಚ್ಚಬೇಕು. ರಿಸೀವರ್ ಆಫ್ ಇದ್ರೆ ಎಷ್ಟೋ ಮಾಡೆಲ್‌ಗಳಲ್ಲಿ ಟಿವಿಗೆ ಚಿತ್ರವೇ ಹೋಗಲ್ಲ. ಕೆಲವದರಲ್ಲಿ ಸ್ಟ್ಯಾಂಡ್‌ಬೈನಲ್ಲೂ ದಾಟಿಸೋ ಸೆಟ್ಟಿಂಗ್ ಇರುತ್ತೆ, ಆದ್ರೆ ಅದನ್ನ ಮೆನುವಿನ ಹೊಟ್ಟೆಯೊಳಗಿಂದ ಹುಡುಕಿ ತೆಗೀಬೇಕು.

ಎರಡನೇ ದಾರಿ. ದಿನಾ ಬಳಸೋ ಸೆಟ್‌ಟಾಪ್ ಬಾಕ್ಸ್ ನೇರ ಟಿವಿಗೆ. ಓಟಿಟಿ ಹೇಗೂ ಟಿವಿ ಒಳಗೇ ಇರುತ್ತೆ. ಟಿವಿಯ ಎಆರ್‌ಸಿ ಅಂತ ಬರೆದಿರೋ ತೂತಿನಿಂದ ರಿಸೀವರ್‌ನ ಎಆರ್‌ಸಿ ಅಂತ ಬರೆದಿರೋ ತೂತಿಗೆ ಒಂದು ಎಚ್‌ಡಿಎಂಐ. ಚಿತ್ರ ಟಿವಿಯಲ್ಲೇ ಉಳಿಯುತ್ತೆ, ಸದ್ದು ಮಾತ್ರ ಅದೇ ಕೇಬಲ್‌ನಲ್ಲಿ ವಾಪಸ್ ಬಂದು ರಿಸೀವರ್ ಸೇರುತ್ತೆ.

ಸಿನಿಮಾ ಹುಚ್ಚಿರೋನಿಗೆ ಬ್ಲೂರೇ ಪ್ಲೇಯರ್ ಅಥವಾ ಗೇಮ್ ಕನ್ಸೋಲ್ ಇದ್ರೆ ಅದೊಂದನ್ನ ರಿಸೀವರ್‌ಗೇ ಹಾಕ್ಲಿ. ಅದರ ಚಿತ್ರ ಅದೇ ಎಆರ್‌ಸಿ ಕೇಬಲ್‌ನಲ್ಲಿ ಮೇಲಕ್ಕೆ ಟಿವಿಗೆ ಹೋಗುತ್ತೆ, ಟಿವಿಯ ಸದ್ದು ಕೆಳಕ್ಕೆ ಬರುತ್ತೆ. ಒಂದೇ ರಸ್ತೆ, ಎರಡೂ ಕಡೆ ಬಸ್ಸು.

ನಾನು ಎರಡನೇ ದಾರಿಯ ಪಕ್ಷ. ಯಾಕಂದ್ರೆ ಇದರಲ್ಲಿ ರಿಸೀವರ್ ಕೆಟ್ರೂ, ಆಫ್ ಆದ್ರೂ, ಮಗ ಊರಲ್ಲಿ ಇಲ್ದಿದ್ರೂ ಟಿವಿ ಬರೀ ಟಿವಿಯಾಗಿ ನಡೀತಾನೇ ಇರುತ್ತೆ. ಹೋಮ್ ಥಿಯೇಟರ್ ಹೆಚ್ಚುವರಿ ಸುಖ ಆಗಬೇಕು. ಅದು ಟಿವಿ ನೋಡೋಕೆ ಪರ್ಮಿಷನ್ ಕೊಡೋ ಆಫೀಸರ್ ಆಗಬಾರದು.

—

ಭಾಗ 5/10: ಒಂದೇ ರಿಮೋಟು, ಅದೇ ಸಮಾನತೆ

ಎಆರ್‌ಸಿ ಜೊತೆ ಸಿಇಸಿ ಅಂತ ಒಂದು ಸೌಲಭ್ಯ ಬರುತ್ತೆ. ಟಿವಿ ಮೆನುನಲ್ಲಿ ಪ್ರತಿ ಕಂಪನಿಯೋರು ಅದಕ್ಕೆ ಬೇರೆ ಬೇರೆ ಹೆಸರಿಟ್ಟಿರ್ತಾರೆ, ಕೆಲಸ ಒಂದೇ. ಟಿವಿಯಲ್ಲೂ ರಿಸೀವರ್‌ನಲ್ಲೂ ಅದನ್ನ ಆನ್ ಮಾಡ್ರಿ. ಆಮೇಲೆ ಟಿವಿ ಹಚ್ಚಿದ್ರೆ ರಿಸೀವರ್ ತಾನೇ ಏಳುತ್ತೆ. ಟಿವಿ ಆಫ್ ಮಾಡಿದ್ರೆ ತಾನೇ ಮಲಗುತ್ತೆ. ಟಿವಿ ರಿಮೋಟಿನ ವಾಲ್ಯೂಮ್ ಗುಂಡಿಯೇ ರಿಸೀವರ್ ವಾಲ್ಯೂಮ್ ಏರಿಸಿ ಇಳಿಸುತ್ತೆ.

ಆಪ್ಟಿಕಲ್‌ನಲ್ಲಿ ಈ ಮಾತುಕತೆ ಇಲ್ಲ. ಬೆಳಕು ಒಂದೇ ದಿಕ್ಕಿಗೆ ಸದ್ದು ಒಯ್ಯುತ್ತೆ, ಅಪ್ಪಣೆ ಒಯ್ಯಲ್ಲ. ಹಾಗಾಗಿ ವಾಲ್ಯೂಮ್‌ಗೆ ಸಾಮಾನ್ಯವಾಗಿ ಬೇರೆ ರಿಮೋಟೇ ಬೇಕು. ಎಆರ್‌ಸಿ, ಆಪ್ಟಿಕಲ್ ಎರಡೂ ಇದ್ರೆ ಎಆರ್‌ಸಿ ಆರಿಸ್ಕೊಳ್ರಿ. ನನ್ನ ಪಟ್ಟಿಯಲ್ಲಿ ಇದಕ್ಕೆ ಕಾರಣ ಸದ್ದಿಗಿಂತ ಮೊದಲು ರಿಮೋಟು.

"ಇಷ್ಟು ಸಣ್ಣ ವಿಷಯಕ್ಕೆ ಸಮಾನತೆ ಗಿಮಾನತೆ ಯಾಕೆ" ಅಂತ ಒಬ್ಬ ಗೆಳೆಯ ನಕ್ಕ. ನಗಬೇಡ್ರಿ. ನಮ್ಮ ಮನೆಗಳಲ್ಲಿ ಟಿವಿ ಖರೀದಿಗೆ ಅವ್ವ ಸಂಘದಲ್ಲಿ ಸಾಲ ಎತ್ತಿರ್ತಾರೆ, ಚೀಟಿ ದುಡ್ಡು ಹಾಕಿರ್ತಾರೆ. ಯಂತ್ರ ಬಂದ ಮೇಲೆ ಅದರ ಮುಂದೆ ಅವರೇ ಹೊರಗಿನೋರು. ಮೂರು ರಿಮೋಟು ಸಾಲಾಗಿ ಇಟ್ಟು, "ಮೊದಲು ಇದು ಒತ್ತು, ಆಮೇಲೆ ಅದರಲ್ಲಿ ಸೋರ್ಸ್ ಬದಲಿಸು, ತಪ್ಪಿದ್ರೆ ಮುಟ್ಟಬೇಡ" ಅಂತ ನಾವು ಪಾಠ ಮಾಡ್ತೀವಿ. ಆ "ಮುಟ್ಟಬೇಡ" ಅನ್ನೋ ಮಾತು ನನಗೆ ಸೇರಲ್ಲ. ದುಡ್ಡು ಹಾಕಿದ ಪಾಲುದಾರರಿಗೆ ಆಸ್ತಿ ಬಳಸೋ ಹಕ್ಕಿಲ್ಲ ಅಂದ್ರೆ ಅದು ಯಾವ ಪಾರ್ಟ್‌ನರ್‌ಶಿಪ್ಪು?

ಸಿರುಗುಪ್ಪದಲ್ಲಿ ನಮ್ಮಜ್ಜಿ ಕಿವಿ ಸ್ವಲ್ಪ ಮಂದ. ಜೋರು ಸೌಂಡ್ ನಿಜವಾಗಲೂ ಬೇಕಿರೋದು ಅವರಿಗೆ. ನಾವು ಒಳ್ಳೇ ಸೌಂಡ್ ತಂದಿದ್ದು ನಮ್ಮ ಫೈಟ್ ಸೀನಿಗೆ.

—

ಭಾಗ 6/10: ಮಾತು ಕೇಳ್ತಿಲ್ಲ ಅನ್ನೋ ಜಾಗತಿಕ ಸಮಸ್ಯೆ

ಕೆಜಿಎಫ್ ಚಾಪ್ಟರ್ 2, ಕಾಂತಾರ ಎರಡೂ 2022ರಲ್ಲಿ ಬಂದ್ವು. ಥಿಯೇಟರ್‌ನಲ್ಲಿ ಎದೆ ನಡುಗಿತು. ಮನೇಲಿ ನೋಡುವಾಗ? ಮ್ಯೂಸಿಕ್ ಬಂದಾಗ ವಾಲ್ಯೂಮ್ ಇಳಿಸೋದು, ಮಾತು ಬಂದಾಗ ಏರಿಸೋದು. ಎರಡೂವರೆ ಗಂಟೆ ಹೆಬ್ಬೆರಳಿಗೆ ವ್ಯಾಯಾಮ.

ಇದಕ್ಕೆ ಕಾರಣ ಹೆಚ್ಚಾಗಿ ನಡುವಿನ ಸ್ಪೀಕರ್. 5.1ರಲ್ಲಿ ಮಾತಿನ ಬಹುಪಾಲು ಬರೋದು ಸೆಂಟರ್‌ನಿಂದ. ಸಿನಿಮಾ ಥಿಯೇಟರ್‌ನಲ್ಲಿ ಪರದೆಗೆ ಸೂಜಿಮೊನೆಯಷ್ಟು ತೂತುಗಳಿರ್ತವೆ, ಸ್ಪೀಕರ್ ಪರದೆ ಹಿಂದೆ ಇರುತ್ತೆ. ಮುಖ ಎಲ್ಲಿದೆಯೋ ಮಾತೂ ಅಲ್ಲಿಂದಲೇ ಬರಲಿ ಅಂತ.

ನಮ್ಮ ಜಿಲ್ಲೆಗೆ ಇದು ಹೊಸದಲ್ಲ. ತೊಗಲುಗೊಂಬೆ ಆಟ ನೆನಪಿಸ್ಕೊಳ್ರಿ. 2023ರಲ್ಲಿ ತೀರಿಹೋದ ನಮ್ಮ ಬೆಳಗಲ್ಲು ವೀರಣ್ಣನವರ ಕಲೆ ಅದು. ಗೊಂಬೆ ಆಡೋದು ಪರದೆ ಮೇಲೆ, ಮಾತು ಹಾಡು ಬರೋದು ಅದೇ ಪರದೆ ಹಿಂದಿನಿಂದ. ಅದಕ್ಕೇ ತೊಗಲಿನ ತುಂಡು ಮಾತಾಡಿದಂಗೆ ಅನ್ನಿಸೋದು. ಮಾತು ಮೂಲೆಯಿಂದ ಬಂದಿದ್ರೆ ಆ ಮಾಯೆ ಹುಟ್ತಿರಲಿಲ್ಲ. ಬಯಲಾಟದಲ್ಲೂ ಪಾತ್ರಧಾರಿ ಮಾತಿಗೆ ನಿಂತಾಗ ಹಿಮ್ಮೇಳ ತಗ್ಗುತ್ತೆ. ಯಾವ ಡಿಕೋಡರ್ ಇಲ್ದೆ ನಮ್ಮೋರು ಕಂಡ್ಕೊಂಡ ಮಿಕ್ಸಿಂಗ್ ಅದು.

ಈಗ ನಿಮ್ಮನೇಲಿ ಮಾಡೋ ಕೆಲಸ ಮೂರು. ಒಂದು, ಸೆಂಟರ್ ಸ್ಪೀಕರ್‌ನ ಟಿವಿ ಕೆಳಗೆ ಸರಿಯಾಗಿ ನಡುವೆ ಇಡ್ರಿ. ಶೋಕೇಸ್ ಒಳಗೆ, ಬೀರು ಮೇಲೆ ಅಲ್ಲ. ಎರಡು, ರಿಸೀವರ್ ಮೆನುನಲ್ಲಿ ಸೆಂಟರ್ ಲೆವೆಲ್ ಎರಡು ಮೂರು ಡೆಸಿಬೆಲ್ ಏರಿಸ್ರಿ. ಮೂರು, ಟಿವಿ ಸೌಂಡ್ ಮೆನುನಲ್ಲಿ ಡಿಜಿಟಲ್ ಔಟ್‌ಪುಟ್ "ಪಿಸಿಎಂ" ಅಂತಿದ್ರೆ "ಆಟೋ" ಅಥವಾ "ಪಾಸ್‌ಥ್ರೂ" ಅಥವಾ "ಡಾಲ್ಬಿ ಡಿಜಿಟಲ್" ಮಾಡಿ ನೋಡ್ರಿ. ಎಆರ್‌ಸಿಯಲ್ಲಿ ಪಿಸಿಎಂ ಅಂದ್ರೆ ಎರಡೇ ಚಾನೆಲ್, ಸೆಂಟರ್‌ಗೆ ಅದರದೇ ಪಾಲು ಬರಲ್ಲ.

ಇನ್ನೊಂದು: ನಾವು ಬಳ್ಳಾರಿಯೋರು ತೆಲುಗನ್ನೂ ನೋಡ್ತೀವಿ, ಕನ್ನಡ ಡಬ್ಬಿಂಗೂ ನೋಡ್ತೀವಿ. ಓಟಿಟಿಯಲ್ಲಿ ಕೆಲವು ಸಿನಿಮಾಗಳಿಗೆ ಮೂಲ ಭಾಷೆ 5.1, ಡಬ್ಬಿಂಗ್ ಬರೀ ಸ್ಟೀರಿಯೊ ಇರುತ್ತೆ. ಆಡಿಯೊ ಪಟ್ಟಿ ತೆಗೆದು ನೋಡ್ರಿ. ಅಂಥ ಕಡೆ ನಿಮ್ಮ ವೈರಿಂದು ಏನೂ ತಪ್ಪಿಲ್ಲ.

—

ಭಾಗ 7/10: ನನ್ನ ವಿರುದ್ಧದ ವಾದ, ನನ್ನ ಬಾಯಲ್ಲೇ

"ಟಿವಿ ಮೂಲಕ ಹೋದ್ರೆ ಸೌಂಡ್ ಹಾಳಾಗುತ್ತೆ." ಅರ್ಧ ನಿಜ. ಮಾಮೂಲಿ ಎಆರ್‌ಸಿಯಲ್ಲಿ ಡಾಲ್ಬಿ ಡಿಜಿಟಲ್ ಹೋಗುತ್ತೆ. ಬ್ಲೂರೇ ಡಿಸ್ಕ್‌ನಲ್ಲಿರೋ ನಷ್ಟವಿಲ್ಲದ ಟ್ರೂಎಚ್‌ಡಿ ಹೋಗಲ್ಲ, ಅದಕ್ಕೆ ಇಎಆರ್‌ಸಿ ಬೇಕು. ಕೆಲವು ಟಿವಿಗಳು ಬೇರೆ ಪೆಟ್ಟಿಗೆಯಿಂದ ಬಂದ 5.1ನ ಎರಡಕ್ಕೆ ಇಳಿಸಿ ಹೊರಗೆ ಕಳಿಸ್ತವೆ, ಅದೂ ನಿಜ. ಅದಕ್ಕೇ ಡಿಸ್ಕ್ ಪ್ಲೇಯರ್ ಇದ್ರೆ ಅದನ್ನ ನೇರ ರಿಸೀವರ್‌ಗೆ ಅಂದೆ. ಆದ್ರೆ ನಮ್ಮ ಮನೆಗಳಲ್ಲಿ ಬ್ಲೂರೇ ಎಷ್ಟಿವೆ? ಓಟಿಟಿಯಿಂದ ಬರೋದೇ ಒತ್ತಿ ಪ್ಯಾಕ್ ಮಾಡಿದ ಸದ್ದು. ಅದನ್ನ ಒಯ್ಯೋಕೆ ಎಆರ್‌ಸಿ ಸಾಕು. ಇಲ್ಲದ ವಸ್ತುವಿನ ನಷ್ಟ ಲೆಕ್ಕ ಹಾಕಿ, ಇರೋ ಮನುಷ್ಯರ ಅನುಕೂಲ ಕೈಬಿಡಬೇಡ್ರಿ.

"ತುಟಿಗೂ ಮಾತಿಗೂ ಹೊಂದಲ್ಲ." ಹೌದು, ಕೆಲವು ಸಲ ಸದ್ದು ಹಿಂದೆ ಬೀಳುತ್ತೆ. ಟಿವಿಯಲ್ಲೋ ರಿಸೀವರ್‌ನಲ್ಲೋ ಲಿಪ್‌ಸಿಂಕ್ ಸೆಟ್ಟಿಂಗ್ ಇರುತ್ತೆ, ಹತ್ತು ಹತ್ತು ಮಿಲಿಸೆಕೆಂಡ್ ಸರಿಸಿ ನೋಡ್ರಿ. ವಾರ್ತೆ ಓದೋರ ತುಟಿ ನೋಡಿ ಸರಿಮಾಡೋದು ಸುಲಭ.

"ಬ್ಲೂಟೂತ್ ಇದೆಯಲ್ಲ, ವೈರೇ ಯಾಕೆ?" ಹಾಡಿಗೆ ಬ್ಲೂಟೂತ್ ಸಾಕು. ಸಿನಿಮಾಕ್ಕೆ ಬೇಡ. ಮಾಮೂಲಿ ಬ್ಲೂಟೂತ್‌ನಲ್ಲಿ ಬರೋದು ಎರಡೇ ಚಾನೆಲ್. ಅದೂ ಕಣ್ಣಿಗೆ ಗೊತ್ತಾಗೋವಷ್ಟು ತಡ.

"ಅವ್ವನಿಗೆ ಕಲಿಸಿದ್ರೆ ಆಯ್ತಲ್ಲ?" ಇದು ಎಲ್ಲಕ್ಕಿಂತ ಗಟ್ಟಿ ವಾದ. ಕಲಿಸ್ಬೇಕು, ಖಂಡಿತ. ಆದ್ರೆ ಕಲಿಸೋದು ಬೇರೆ, ಕೆಟ್ಟ ಜೋಡಣೆಯ ಭಾರವನ್ನ ಅವರ ತಲೆ ಮೇಲೆ ಹೊರಿಸೋದು ಬೇರೆ. ಸ್ಟೇರಿಂಗ್ ಸರಿ ಇಲ್ಲದ ಗಾಡಿ ಕೊಟ್ಟು "ಡ್ರೈವಿಂಗ್ ಕಲಿ" ಅನ್ನೋದು ಯಾವ ನ್ಯಾಯ? ಮೊದಲು ವೈರು ಸರಳ ಮಾಡ್ರಿ, ಆಮೇಲೆ ಕಲಿಸ್ರಿ. ಎರಡು ನಿಮಿಷದ ಪಾಠ ಆಗುತ್ತೆ.

—

ಭಾಗ 8/10: ಬಿಕಾಂ ಬಂತು, ಲೆಕ್ಕ ತೆಗೀರಿ

ಲೆಕ್ಕ ಒಂದು: ಕರೆಂಟು. ಎವಿ ರಿಸೀವರ್ ಸಣ್ಣ ಸೌಂಡ್‌ನಲ್ಲಿ ಇದ್ರೂ ಹತ್ತಾರು ವಾಟ್ ಎಳೆಯುತ್ತೆ. 50 ವಾಟ್ ಅಂತ ಹಿಡಿಯೋಣ. ದಿನಕ್ಕೆ 6 ಗಂಟೆ ಟಿವಿ ಅಂದ್ರೆ 300 ವಾಟ್ ಅವರ್. 30 ದಿನಕ್ಕೆ 9 ಯೂನಿಟ್. ಗೃಹಜ್ಯೋತಿ ಬಂದ ಮೇಲೆ ಮನೆ ಮನೇಲೂ ಯೂನಿಟ್ ಲೆಕ್ಕ ಶುರುವಾಗಿದೆ. 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ 10, ಒಟ್ಟು 200 ಯೂನಿಟ್ ಮೀರದಂಗೆ ಉಚಿತ. ಮೀರಿದ್ದಕ್ಕೆ ಬಿಲ್ಲು. ಸರಾಸರಿ 80 ಯೂನಿಟ್ ಇದ್ದ ಮನೆಗೆ ಸಿಗೋ ಹೆಚ್ಚುವರಿ ಜಾಗವೇ 8 ಯೂನಿಟ್. ವಾರ್ತೆ ಕೇಳೋಕೆ ರಿಸೀವರ್ ಹಚ್ಚಿದ್ರೆ ಆ 8ಕ್ಕೆ 8 ಅಲ್ಲೇ ಖಾಲಿ, ಇನ್ನೂ ಒಂದು ಬಾಕಿ. ಎರಡನೇ ದಾರಿಯಲ್ಲಿ ಟಿವಿ ಮೆನುವಿನಿಂದ "ಟಿವಿ ಸ್ಪೀಕರ್" ಆರಿಸಿದ್ರೆ ರಿಸೀವರ್ ಆಫ್ ಇಟ್ಕೊಂಡೇ ನೋಡಬಹುದು.

ಲೆಕ್ಕ ಎರಡು: ತೆರಿಗೆ. 32 ಇಂಚಿಗಿಂತ ದೊಡ್ಡ ಟಿವಿಗೆ ಜಿಎಸ್‌ಟಿ ಶೇ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 18 ಆಯ್ತು. ತೆರಿಗೆಗೆ ಮುಂಚಿನ ಬೆಲೆ 30,000 ಇದ್ರೆ ಮೊದಲು 38,400, ಈಗ 35,400. ಮೂರು ಸಾವಿರ ಉಳಿತಾಯ. ಖುಷಿ. ಆದ್ರೆ ಉಳಿದ ಮೂರು ಸಾವಿರಕ್ಕೆ ಇನ್ನು ಐದಾರು ಸಾವಿರ ಸೇರಿಸಿ ಸೌಂಡ್‌ಬಾರ್ ತಗೊಂಬಿಡೋಣ ಅನ್ನೋ ಮುಂಚೆ, ಬೀರು ಮೇಲಿರೋ ಹಳೇ ಸಿಸ್ಟಮ್ ಇಳಿಸಿ ಹಿಂದೆ ತಿರುಗಿಸಿ ನೋಡ್ರಿ.

ಲೆಕ್ಕ ಮೂರು: ಹಳೇದರ ಮರುಬಳಕೆ. ಆಪ್ಟಿಕಲ್ ಇನ್‌ಪುಟ್ ಇದ್ರೆ ಹೊಸ ಟಿವಿಯ ಆಪ್ಟಿಕಲ್ ಔಟ್‌ನಿಂದ ನೇರ. ಕೆಂಪು ಬಿಳಿ ಮಾತ್ರ ಇದ್ರೆ, ಟಿವಿಯ ಹೆಡ್‌ಫೋನ್ ತೂತಿನಿಂದ ಕೆಂಪು ಬಿಳಿಗೆ ಹೋಗೋ ಸಣ್ಣ ಕೇಬಲ್. ಹೆಡ್‌ಫೋನ್ ತೂತೂ ಇಲ್ಲಾಂದ್ರೆ ಡಿಜಿಟಲ್‌ನ ಅನಲಾಗ್ ಮಾಡೋ ಪುಟ್ಟ ಡಬ್ಬಿ ಸಿಗುತ್ತೆ, ಅದಕ್ಕೆ ಮಾತ್ರ ಟಿವಿಯ ಔಟ್‌ಪುಟ್ "ಪಿಸಿಎಂ" ಇಡ್ರಿ, ಇಲ್ಲಾಂದ್ರೆ ಸದ್ದೇ ಬರಲ್ಲ ಅಥವಾ ಕರಕರ ಅನ್ನುತ್ತೆ. ಸೌಂಡ್‌ಬಾರ್ ಖರ್ಚಿನ ಮುಂದೆ ಇದೆಲ್ಲ ಚಿಲ್ಲರೆ.

—

ಭಾಗ 9/10: ಕೈ ಹಾಕೋ ಮುಂಚೆ

ಮೊದಲನೇ ನಿಯಮ: ಎಲ್ಲಾ ಪ್ಲಗ್ ಕಿತ್ತು ಕೆಲಸ ಶುರು ಮಾಡ್ರಿ. ಸ್ವಿಚ್ ಆಫ್ ಅಲ್ಲ, ಪ್ಲಗ್ ಕೀಳೋದು.

ಸ್ಪೀಕರ್ ವೈರ್: ಕೆಂಪಿಂದ ಕೆಂಪಿಗೆ, ಕಪ್ಪಿಂದ ಕಪ್ಪಿಗೆ. ಒಂದು ಉಲ್ಟಾ ಆದ್ರೆ ಸ್ಪೀಕರ್ ಸುಡಲ್ಲ, ಆದ್ರೆ ಒಂದು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೀತಾ ಇರುತ್ತೆ. ಬೇಸ್ ಮಾಯ, ಮಾತು ಟೊಳ್ಳು. ತಂತಿಯ ಎಳೆ ಪಕ್ಕದ ಟರ್ಮಿನಲ್‌ಗೆ ತಾಗಬಾರದು, ತಾಗಿದ್ರೆ ಆಂಪ್ಲಿಫೈಯರ್‌ಗೆ ಪೆಟ್ಟು. ಎಳೆಗಳನ್ನ ಬಿಗಿಯಾಗಿ ಹುರಿ ಮಾಡಿ ಹಾಕ್ರಿ. ರಿಸೀವರ್ ಹಿಂದೆ ಎಷ್ಟು ಓಮ್ ಅಂತ ಬರೆದಿದೆಯೋ ಅದಕ್ಕಿಂತ ಕಡಿಮೆ ಓಮ್‌ನ ಸ್ಪೀಕರ್ ಹಾಕ್ಬೇಡ್ರಿ.

"ಗುಂಯ್" ಅನ್ನೋ ಸದ್ದು: ನಮ್ಮ ಕರೆಂಟು 50 ಹರ್ಟ್ಜ್. ಅದೇ ಸ್ಪೀಕರ್‌ನಲ್ಲಿ ಗುನುಗೋದು. ಕೇಬಲ್ ಟಿವಿಯ ದಪ್ಪ ವೈರನ್ನ ಸೆಟ್‌ಟಾಪ್ ಬಾಕ್ಸ್‌ನಿಂದ ಒಂದು ನಿಮಿಷ ತೆಗೆದು ನೋಡ್ರಿ. ಗುಂಯ್ ನಿಂತ್ರೆ ಎರಡು ಕಡೆಯ ಅರ್ಥಿಂಗ್ ನಡುವಿನ ಗಲಾಟೆ ಅದು. ಪ್ಲಗ್‌ನ ದಪ್ಪ ಮೂರನೇ ಕಡ್ಡಿ ಮುರಿಯೋ ಉಪಾಯ ಯಾರಾದ್ರೂ ಹೇಳಿದ್ರೆ ಕಿವಿಗೆ ಹಾಕ್ಕೋಬೇಡ್ರಿ. ಆ ಕಡ್ಡಿ ಇರೋದು ನಿಮ್ಮ ಜೀವಕ್ಕೆ. ಎಲ್ಲಾ ಸಾಮಾನುಗಳನ್ನ ಒಂದೇ ಒಳ್ಳೆ ಎಕ್ಸ್‌ಟೆನ್ಷನ್‌ಗೆ ಹಾಕಿ ನೋಡ್ರಿ, ಎಷ್ಟೋ ಕಡೆ ಅಷ್ಟಕ್ಕೇ ನಿಲ್ಲುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಮನೆ ಅರ್ಥಿಂಗ್ ಪರೀಕ್ಷೆ ಮಾಡ್ಸಿ.

ಧೂಳು, ಬಿಸಿಲು: ಇದು ಬಳ್ಳಾರಿ ಕಣ್ರೀ. ಬೇಸಿಗೇಲಿ 40 ಡಿಗ್ರಿ ದಾಟುತ್ತೆ, ಕೆಂಪು ಧೂಳು ಕಿಟಕಿ ಮುಚ್ಚಿದ್ರೂ ಬರುತ್ತೆ. ರಿಸೀವರ್ ತಾನೇ ಬಿಸಿಯಾಗೋ ಪ್ರಾಣಿ. ಅದರ ಮೇಲೆ ನಾಲ್ಕು ಬೆರಳಿಗಿಂತ ಜಾಸ್ತಿ ಖಾಲಿ ಜಾಗ ಇರಲಿ. ಕಸೂತಿ ಬಟ್ಟೆ, ಸೆಟ್‌ಟಾಪ್ ಬಾಕ್ಸ್, ಹೂದಾನಿ ಯಾವುದೂ ಬೇಡ. ಮಿಂಚು ಶುರುವಾದ್ರೆ ಪ್ಲಗ್ ಜೊತೆ ಕೇಬಲ್ ಅಥವಾ ಡಿಶ್ ವೈರೂ ಕಿತ್ತಿಡ್ರಿ. ಹೊಡೆತ ಆ ದಾರೀಲೂ ಬರುತ್ತೆ.

ಜಾತ್ರೇಲಿ ಮೈಕ್‌ಸೆಟ್ ಹಾಕೋ ಅಣ್ಣನ್ನ ಗಮನಿಸಿದ್ದೀರಾ? ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಂಥ ಗದ್ದಲದಲ್ಲೂ ಅವರು ಪ್ರತಿ ವೈರಿಗೂ ಬಣ್ಣದ ಟೇಪ್ ಸುತ್ತಿರ್ತಾರೆ. ಕತ್ತಲಲ್ಲಿ ಒಂದು ಕಿತ್ಹೋದ್ರೆ ಯಾವುದು ಅಂತ ಹುಡುಕೋ ಹಂಗಿಲ್ಲ. ನಮ್ಮ ಎಲ್ಲಾ ವಿಡಿಯೊಗಳಿಗಿಂತ ದೊಡ್ಡ ಪಾಠ ಅದು.

—

ಭಾಗ 10/10: ಈ ಭಾನುವಾರದ ಹೋಮ್‌ವರ್ಕ್

ಓದಿ ಲೈಕ್ ಒತ್ತಿ ಹೋಗ್ಬೇಡ್ರಿ. ಒಂದು ಗಂಟೆ ಕೆಲಸ ಐತೆ.

1. ಟಿವಿ ಹಿಂದೆ, ರಿಸೀವರ್ ಹಿಂದೆ ಫೋನ್ ಹಿಡಿದು ಫೋಟೊ ತೆಗೀರಿ. ಕೀಳೋ ಮುಂಚಿನ ಫೋಟೊ ಇದು, ಡಿಲೀಟ್ ಮಾಡ್ಬೇಡ್ರಿ.

2. ಎಆರ್‌ಸಿ ಅನ್ನೋ ಅಕ್ಷರ ಎರಡೂ ಕಡೆ ಹುಡುಕ್ರಿ. ಎಷ್ಟೋ ಟಿವಿಗಳಲ್ಲಿ ಮೂರು ಎಚ್‌ಡಿಎಂಐ ಇದ್ರೂ ಒಂದಕ್ಕೆ ಮಾತ್ರ ಆ ಭಾಗ್ಯ. ರಿಸೀವರ್‌ನಲ್ಲಿ ಅದು "ಔಟ್" ಅನ್ನೋ ತೂತಿನ ಪಕ್ಕ ಇರುತ್ತೆ, "ಇನ್"ಗಳ ಹತ್ತಿರ ಅಲ್ಲ.

3. ಸೆಟ್‌ಟಾಪ್ ಬಾಕ್ಸ್ ಟಿವಿಗೆ, ಎಆರ್‌ಸಿ ರಿಸೀವರ್‌ಗೆ. ಎರಡೂ ಮೆನುನಲ್ಲಿ ಸಿಇಸಿ ಆನ್.

4. ಪ್ರತಿ ವೈರಿನ ಎರಡೂ ತುದಿಗೆ ಪೇಪರ್ ಟೇಪ್ ಸುತ್ತಿ ಕನ್ನಡದಲ್ಲಿ ಬರೀರಿ: "ಡಿಶ್", "ಟಿವಿಯಿಂದ ಸೌಂಡ್", "ಎಡ", "ಬಲ". ಕನ್ನಡದಲ್ಲೇ ಯಾಕೆ ಅಂದ್ರೆ, ಓದಬೇಕಾದೋರು ನೀವಲ್ಲ.

5. ಬೇಡದ ರಿಮೋಟುಗಳನ್ನ ಡ್ರಾ ಒಳಗೆ ಹಾಕ್ರಿ. ಟಿವಿ ರಿಮೋಟು, ಸೆಟ್‌ಟಾಪ್ ರಿಮೋಟು ಎರಡೇ ಹೊರಗೆ. ಒಂದೇ ಸಾಕಾದ್ರೆ ಇನ್ನೂ ಒಳ್ಳೇದು.

6. ಕೊನೇ ಪರೀಕ್ಷೆ, ಇದೇ ಮುಖ್ಯ. ನೀವು ಕೋಣೆಯಿಂದ ಹೊರಗೆ ಹೋಗ್ರಿ. ಬಾಗಿಲ ಹತ್ರ ನಿಂತು "ಅದಲ್ಲ, ಪಕ್ಕದ್ದು" ಅಂತ ಕೂಗಬಾರದು. ಅವ್ವ, ಅಜ್ಜಿ, ಅಪ್ಪ ಯಾರಾದ್ರೂ ಒಬ್ರು ತಾವೇ ಹಚ್ಚಿ, ಸೌಂಡ್ ಏರಿಸಿ, ಇಳಿಸಿ, ಆಫ್ ಮಾಡಬೇಕು. ಆಗ್ಲಿಲ್ಲ ಅಂದ್ರೆ ಫೇಲ್ ಆಗಿದ್ದು ಅವರಲ್ಲ, ನಮ್ಮ ಜೋಡಣೆ. ಮತ್ತೆ ಮೂರನೇ ನಂಬರಿಂದ ಶುರು.

ಮುಂದಿನ ವರ್ಷ ನಮ್ಮಲ್ಲಿ ಅರ್ಧ ಜನ ಊರು ಬಿಡ್ತೀವಿ. ಸಿಎ ಕೋಚಿಂಗು, ಎಂಕಾಂ, ಬೆಂಗಳೂರಲ್ಲಿ ಕೆಲಸ. ನಾವು ಜೋಡಿಸಿದ ವೈರು ಮನೇಲೇ ಇರುತ್ತೆ, ನಾವಿರಲ್ಲ. ಸಂಜೆ ಏಳಕ್ಕೆ ಮನೇಲಿ ಉಳಿಯೋ ಇಬ್ಬರಿಗೆ ಟಿವಿಯ ಮಾತೇ ಒಂದು ಜೊತೆ. ಆ ಮಾತು ಅವರಿಗೆ ಸ್ಪಷ್ಟವಾಗಿ ಕೇಳ್ಲಿ. ಅದಕ್ಕೆ ನಮ್ಮ ಫೋನ್ ಕಾಯೋ ಹಂಗೆ ಆಗದಿರ್ಲಿ. ಅವರು ನಮಗೆ ಫೋನ್ ಮಾಡಿದ್ರೆ ರಿಮೋಟ್ ವಿಷಯ ಬಿಟ್ಟು ಬೇರೇನಾದ್ರೂ ಮಾತಾಡೋಕೆ ಸಿಗ್ಲಿ.

ನಿಮ್ಮ ರಿಸೀವರ್‌ನ ಹಿಂದಿನ ಫೋಟೊ ಕಳಿಸ್ರಿ, ಗೊತ್ತಾದಷ್ಟು ಹೇಳ್ತೀನಿ. ಒಂದನೇ ದಾರಿಯ ಪಕ್ಷದೋರು ಕಮೆಂಟ್‌ಗೆ ಬರ್ರಿ, ಕಾಯ್ತಿರ್ತೀನಿ. ಹಾಸ್ಟೆಲ್‌ನಲ್ಲಿರೋ ಗೆಳೆಯರಿಗೆ ಶೇರ್ ಮಾಡ್ರಿ, ಹಬ್ಬಕ್ಕೆ ಊರಿಗೆ ಹೋದಾಗ ಕೆಲಸಕ್ಕೆ ಬರುತ್ತೆ.

#ಹಿಂದೆತಿರುಗಿಸಿನೋಡಿ #ಹೋಮ್‌ಥಿಯೇಟರ್ #ಬಳ್ಳಾರಿ #ಸಿರುಗುಪ್ಪ #ಕುರುಗೋಡು #ಬಿಕಾಂಲೆಕ್ಕ #ಅವ್ವನರಿಮೋಟು